ಲಾಳವಿಲ್ಲದ ಕುದುರೆಗೆ ಬಯೋಟಿನ್ ಪುಡಿ: ಪರವಾಗಿಲ್ಲ, ಆದರೆ ಬಲು ನಿಧಾನ

ನಮ್ಮ ಕುದುರೆಯ ಗೊರಸಿನ ಅಂಚು ಬಿಸ್ಕತ್ತಿನ ಹಾಗೆ ಉದುರುತ್ತಿತ್ತು, ಅದಕ್ಕೇ ಈ ಪುಡಿ ತಂದೆ. ದಿನದ ಅಳತೆಯಲ್ಲಿ 20 ಮಿಲಿಗ್ರಾಂ ಬಯೋಟಿನ್ ಅನ್ನುವ ಬಿ ವಿಟಮಿನ್, ಜೊತೆಗೆ ಸತು, ತಾಮ್ರ. ಕೊಳ್ಳುವಾಗ ಡಬ್ಬಿ ತಿರುಗಿಸಿ ಇದನ್ನೇ ನೋಡಿ. ತಿಂಗಳೊಳಗೆ ಗೊರಸು ಗಟ್ಟಿಯಾಗುತ್ತೆ ಅಂತ ಬರೆದಿರುವುದು ಸುಮ್ನೆ ಮಾತು. ಗೊರಸು ತಿಂಗಳಿಗೆ ಬೆಳೆಯುವುದೇ ಒಂದು ಸೆಂಟಿಮೀಟರಿನಷ್ಟು, ಮೇಲಿನ ಕೂದಲಂಚಿನಿಂದ ನೆಲದವರೆಗೆ ಹೊಸದು ಇಳಿದು ಬರಲು ಹೆಚ್ಚುಕಡಿಮೆ ವರ್ಷ ಬೇಕು, ಅಲ್ವಾ? ಈಗ ಮೇಲರ್ಧ ನುಣುಪಾಗಿದೆ, ಕೆಳಗೆ ಹಳೇ ಬಿರುಕು ಹಾಗೇ ಇದೆ. ವಾಸನೆ ಕುದುರೆಗೆ ಹಿಡಿಸಲ್ಲ, ನೆನೆಸಿದ ಬೂಸಾದಲ್ಲಿ ಕಲಸಿದರೆ ತಿನ್ನುತ್ತೆ. ಒದ್ದೆ ಲಾಯದಲ್ಲಿ ಗೊರಸಿನಡಿ ಕೊಳೆತು ನಾರುವುದಕ್ಕೆ ಮಾತ್ರ ಇದು ಮದ್ದಲ್ಲ. ಅದಕ್ಕೆ ಒಣ ನೆಲ ಬೇಕು, ದಿನಾ ಕೆರೆದು ಚೊಕ್ಕ ಮಾಡಬೇಕು, 4ರಿಂದ 6 ವಾರಕ್ಕೊಮ್ಮೆ ಗೊರಸು ಕತ್ತರಿಸಿ ಉಜ್ಜಿಸಬೇಕು. ಡಬ್ಬಿಯ ಮುಚ್ಚಳ ಸಡಿಲ, ಪುಡಿ ಬೇಗ ಗಂಟು ಕಟ್ಟುತ್ತೆ.