ಲಿಬ್ರೆಆಫೀಸ್ ಇಂಪ್ರೆಸ್: ಬಾಕ್ಸ್ ಬಿಟ್ಟು ಹೋಗದ ಬಾಣಗಳು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಸ್ಲೈಡ್ ಮಾಡುವುದಕ್ಕೆ ಹಲವು ವರ್ಷಗಳಿಂದ ಲಿಬ್ರೆಆಫೀಸ್ ಇಂಪ್ರೆಸ್ ಬಳಸುತ್ತಿದ್ದೇನೆ. ಅದರಲ್ಲಿ ಏನೇನಿದೆ ಅನ್ನುವ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಇಲ್ಲಿ ಮತ್ತೆ ಬೇಡ. ನಾನು ಬರೆಯಲು ಕೂತಿರುವುದು ಒಂದೇ ಒಂದು ಸಂಗತಿಗಾಗಿ, ಅದರ ಕನೆಕ್ಟರ್‌ಗಳಿಗಾಗಿ.

ಸ್ಲೈಡಿನಲ್ಲಿ ಎರಡು ಬಾಕ್ಸ್ ಹಾಕಿ ನಡುವೆ ಒಂದು ಬಾಣ ಎಳೆಯುವುದು ಎಲ್ಲರಿಗೂ ಗೊತ್ತು. ತೊಂದರೆ ಶುರುವಾಗುವುದು ಆಮೇಲೆ. ಒಂದು ಬಾಕ್ಸನ್ನು ಸ್ವಲ್ಪ ಬಲಕ್ಕೆ ಸರಿಸಿದರೆ ಬಾಣ ಅಲ್ಲೇ ಖಾಲಿ ಜಾಗವನ್ನು ತೋರಿಸುತ್ತಾ ನಿಂತಿರುತ್ತದೆ. ಹತ್ತು ಬಾಕ್ಸ್ ಇರುವ ಚಿತ್ರದಲ್ಲಿ ಹೀಗಾದರೆ ಒಂದೊಂದೇ ಬಾಣ ಹಿಡಿದು ಸರಿಮಾಡುವಷ್ಟರಲ್ಲಿ ಪಾಠದ ತಯಾರಿಗೆ ಇಟ್ಟ ಸಮಯವೇ ಮುಗಿದಿರುತ್ತದೆ. ಸುಮ್ನೆ ಗೆರೆ ಎಳೆಯುವ ಬದಲು ಕನೆಕ್ಟರ್ ಎಳೆದರೆ ಈ ಕಾಟವೇ ಇಲ್ಲ. ಡ್ರಾಯಿಂಗ್ ಟೂಲ್‌ಬಾರ್‌ನಲ್ಲಿ ಕನೆಕ್ಟರ್ ಆರಿಸಿಕೊಂಡು ಮೌಸನ್ನು ಬಾಕ್ಸಿನ ಹತ್ತಿರ ತಂದರೆ ಅದರ ಅಂಚಿನಲ್ಲಿ ಅಂಟುವ ಬಿಂದುಗಳು ಕಾಣಿಸುತ್ತವೆ. ಅಲ್ಲಿಂದ ಎಳೆದು ಇನ್ನೊಂದು ಬಾಕ್ಸಿನ ಬಿಂದುವಿನ ಮೇಲೆ ಬಿಟ್ಟರೆ ಮುಗಿಯಿತು. ಆಮೇಲೆ ಬಾಕ್ಸನ್ನು ಎಲ್ಲಿಗೆ ಎಳೆದುಕೊಂಡು ಹೋದರೂ ಬಾಣ ಜೊತೆಗೇ ಬರುತ್ತದೆ, ದಾರಿಯನ್ನೂ ತಾನೇ ಬದಲಿಸಿಕೊಳ್ಳುತ್ತದೆ.

ಇದರಿಂದ ನನ್ನ ಪಾಠದ ರೀತಿಯೇ ಬದಲಾಗಿದೆ. ಸಾರಜನಕ ಚಕ್ರವನ್ನೇ ತೆಗೆದುಕೊಳ್ಳಿ. ಮೇಲೆ ಗಾಳಿ, ಅದರಲ್ಲಿ 78 ಪರ್ಸೆಂಟ್ ಸಾರಜನಕ. ಕೆಳಗೆ ಮಣ್ಣು, ಒಂದು ಪಕ್ಕ ಗಿಡ, ಇನ್ನೊಂದು ಪಕ್ಕ ಪ್ರಾಣಿ. ನಡುವೆ ಅಮೋನಿಯಾ, ನೈಟ್ರೈಟ್, ನೈಟ್ರೇಟ್. ಅಲಸಂದೆ, ಕಡಲೆಕಾಯಿ ಬೇರಿನ ಗಂಟುಗಳಲ್ಲಿ ಇರುವ ರೈಜೋಬಿಯಂ ಬ್ಯಾಕ್ಟೀರಿಯಾಗೆ ಒಂದು ಬಾಕ್ಸ್. ಇಷ್ಟು ತೋರಿಸಿ ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿ, "ಮಿಸ್, ಮಿಂಚು ಹೊಡೆದಾಗಲೂ ಸಾರಜನಕ ಮಣ್ಣಿಗೆ ಸೇರುತ್ತಂತಲ್ಲ, ಅದು ಚಿತ್ರದಲ್ಲಿ ಎಲ್ಲಿದೆ?" ಅಂತ ಕೇಳಿದಳು. ಆ ಭಾಗವನ್ನು ಮುಂದಿನ ಸ್ಲೈಡಿಗೆ ಇಟ್ಟಿದ್ದೆ. ಆದರೆ ಕೇಳಿದ ಹೊತ್ತಿಗೇ ಉತ್ತರ ಸಿಕ್ಕರೆ ಚೆನ್ನ ಅಲ್ವಾ? ಸ್ಲೈಡ್ ಶೋ ನಿಲ್ಲಿಸಿ, ಗಾಳಿಯ ಬಾಕ್ಸನ್ನು ಎಡಕ್ಕೆ ಸರಿಸಿ, ಆದ ಜಾಗದಲ್ಲಿ ಮಿಂಚಿಗೆ ಒಂದು ಬಾಕ್ಸ್ ಹಾಕಿ, ಅಲ್ಲಿಂದ ಮಣ್ಣಿಗೆ ಬಾಣ ಎಳೆದೆ. ಉಳಿದ ಬಾಣಗಳೆಲ್ಲ ಅವವೇ ಸರಿಹೋದವು. ಶಿಫ್ಟ್ ಜೊತೆ ಎಫ್ 5 ಒತ್ತಿದರೆ ಅದೇ ಸ್ಲೈಡಿನಿಂದ ಶೋ ಮತ್ತೆ ಶುರು. ಈಗ ಮಕ್ಕಳು ಕೇಳಲಿ ಅಂತಲೇ ಚಿತ್ರದಲ್ಲಿ ಸ್ವಲ್ಪ ಜಾಗ ಬಿಟ್ಟಿರುತ್ತೇನೆ.

ಚಿತ್ರ ಮಾಡುವ ನನ್ನ ಕ್ರಮ ಈಗ ಕೈಗೆ ಕೂತುಬಿಟ್ಟಿದೆ. ಮೊದಲು ಒಂದೇ ಬಾಕ್ಸ್. ಅದರ ಮೇಲೆ ಡಬಲ್ ಕ್ಲಿಕ್ ಮಾಡಿ ಚಿತ್ರದಲ್ಲಿ ಬರುವ ಅತಿ ಉದ್ದದ ಪದವನ್ನು ಬರೆಯುತ್ತೇನೆ. ನಮ್ಮ ಪಾಠಗಳಲ್ಲಿ ದ್ಯುತಿಸಂಶ್ಲೇಷಣೆಯಂಥ ಪದಗಳು ಬರುತ್ತಲೇ ಇರುತ್ತವೆ, ಚಿಕ್ಕ ಪದಕ್ಕೆ ಅಳತೆ ಮಾಡಿದ ಬಾಕ್ಸಿನಲ್ಲಿ ಅವು ಹಿಡಿಸುವುದಿಲ್ಲ. ಕೆಳಗೆ ಒತ್ತಕ್ಷರಕ್ಕೂ ಜಾಗ ಬೇಕು. ಆ ಉದ್ದದ ಪದ ಆರಾಮಾಗಿ ಕೂತ ಮೇಲೆ ಎಫ್ 4 ಒತ್ತಿ ಅಗಲ, ಎತ್ತರವನ್ನು ಪೂರ್ಣ ಅಂಕಿಗೆ ತರುತ್ತೇನೆ. ನಂತರ ಅದನ್ನೇ ಕಾಪಿ ಮಾಡಿ ಬೇಕಾದಷ್ಟು ಹಾಕಿಕೊಳ್ಳುವುದು. ಒಂದು ಸಾಲಿನವನ್ನೆಲ್ಲ ಆರಿಸಿ ಶೇಪ್ ಮೆನುವಿನಿಂದ ಅಲೈನ್, ಆಮೇಲೆ ಡಿಸ್ಟ್ರಿಬ್ಯೂಟ್. ಬಾಕ್ಸುಗಳ ನಡುವಿನ ಅಂತರ ಒಂದೇ ಸಮ ಆಗುತ್ತದೆ. ಕಣ್ಣಳತೆಯಲ್ಲಿ ಎಷ್ಟು ಜೋಡಿಸಿದರೂ ಪ್ರೊಜೆಕ್ಟರ್‌ನಲ್ಲಿ ದೊಡ್ಡದಾಗಿ ಕಂಡಾಗ ಸೊಟ್ಟ ಗೊತ್ತಾಗಿಬಿಡುತ್ತದೆ, ಹಾಗಾಗಿ ಈ ಎರಡು ಕ್ಲಿಕ್ ಯಾವತ್ತೂ ಬಿಡುವುದಿಲ್ಲ. ಬಾಣಗಳು ಕೊನೆಗೆ.

ಪ್ರತಿ ಬಾಕ್ಸಿಗೂ ನಾಲ್ಕು ಅಂಟುವ ಬಿಂದು ಮೊದಲೇ ಇರುತ್ತವೆ. ಮಣ್ಣಿನ ಬಾಕ್ಸಿಗೆ ಒಂದೇ ಬದಿಯಿಂದ ಮೂರು ಬಾಣ ಬರಬೇಕಾದರೆ ಎಲ್ಲ ಒಂದೇ ಬಿಂದುವಿಗೆ ಚುಚ್ಚಿ ಗೋಜಲಾಗುತ್ತದೆ. ಅಲ್ಲಿ ನಾವೇ ಇನ್ನಷ್ಟು ಬಿಂದು ಸೇರಿಸಬಹುದು. ಅದಕ್ಕೆ ಡ್ರಾಯಿಂಗ್ ಟೂಲ್‌ಬಾರ್‌ನಲ್ಲೇ ಒಂದು ಬಟನ್ ಇದೆ, ಹೆಚ್ಚಿನವರು ಅದನ್ನು ಮುಟ್ಟಿಯೇ ಇರುವುದಿಲ್ಲ. ಬಾಣದ ಮೇಲೆ ಡಬಲ್ ಕ್ಲಿಕ್ ಮಾಡಿ ಹೆಸರನ್ನೂ ಬರೆಯಬಹುದು. ಅಕ್ಷರ ಗೆರೆಯ ಮೇಲೇ ಕೂತು ಓದಲು ಕಷ್ಟವಾದರೆ ಪದದ ನಂತರ ಒಂದು ಎಂಟರ್ ಹೊಡೆಯಿರಿ, ಮೇಲಕ್ಕೆ ಹೋಗುತ್ತದೆ.

ಬಣ್ಣದ ವಿಷಯದಲ್ಲಿ ನನ್ನ ಗಂಟನ್ನು ಬಿಡಿಸಿದ್ದು ಸ್ಟೈಲ್‌ಗಳು. ಎಫ್ 11 ಒತ್ತಿದರೆ ಪಕ್ಕದಲ್ಲಿ ತೆರೆಯುತ್ತದೆ. ಜೀವಿಗಳಿಗೆ ಒಂದು ಸ್ಟೈಲ್, ರಾಸಾಯನಿಕಗಳಿಗೆ ಒಂದು, ಬಾಣಕ್ಕೆ ಒಂದು ಅಂತ ಮಾಡಿಟ್ಟಿದ್ದೇನೆ. ನಮ್ಮ ಕ್ಲಾಸಿನ ಕಿಟಕಿಗೆ ಪರದೆ ಇಲ್ಲ, ಮಧ್ಯಾಹ್ನದ ಬಿಸಿಲಿಗೆ ತೆಳು ಬಣ್ಣ ಯಾವುದೂ ಕಾಣುವುದಿಲ್ಲ. ಸ್ಟೈಲನ್ನು ಒಮ್ಮೆ ತೆರೆದು ಬಣ್ಣ ಗಾಢ ಮಾಡಿದರೆ ಆ ಫೈಲಿನಲ್ಲಿ ಆ ಸ್ಟೈಲ್ ಹಾಕಿದ ಬಾಕ್ಸೆಲ್ಲ ಒಟ್ಟಿಗೇ ಬದಲಾಗುತ್ತವೆ. ಇನ್ನೊಂದು, ಮಕ್ಕಳಿಗೆ ಕೊಡುವುದು ಕಪ್ಪು-ಬಿಳುಪು ಜೆರಾಕ್ಸ್. ಅದರಲ್ಲಿ ಕೆಂಪೂ ಹಸಿರೂ ಒಂದೇ ಬೂದಿ. ಹಾಗಾಗಿ ಸಾರಜನಕ ಮಣ್ಣಿಂದ ಮತ್ತೆ ಗಾಳಿಗೆ ಹೋಗುವ ಬಾಣಗಳನ್ನು ತುಂಡು ಗೆರೆಯಲ್ಲಿ, ಮಣ್ಣಿಗೆ ಬರುವುದನ್ನು ದಪ್ಪ ಗೆರೆಯಲ್ಲಿ ಹಾಕುತ್ತೇನೆ. ಬಣ್ಣ ಹೋದರೂ ಅರ್ಥ ಉಳಿಯುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೆ ಬೇಸರದ ಮಾತನ್ನೂ ಹೇಳಲೇಬೇಕು. ಮನೆಯಲ್ಲಿ ಮಾಡಿದ ಚಿತ್ರವನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿ ಬೇರೆ ತಂತ್ರಾಂಶ ಇರುವ ಕಂಪ್ಯೂಟರಿನಲ್ಲಿ ತೆರೆದರೆ ಅದು ಹಾಗೆಯೇ ಬರುತ್ತದೆ ಅನ್ನುವ ಭರವಸೆ ಇಲ್ಲ. ಪವರ್‌ಪಾಯಿಂಟ್ ಬಳಸುವ ಪಿಪಿಟಿಎಕ್ಸ್ ಫೈಲಾಗಿ ಉಳಿಸಿದಾಗ ನೇರ ಬಾಣಗಳಿಗೆ ಏನೂ ಆಗುವುದಿಲ್ಲ, ಬಾಗಿದ ಬಾಣಗಳು ಒಮ್ಮೊಮ್ಮೆ ಬೇರೆ ದಾರಿ ಹಿಡಿದು ಬಾಕ್ಸಿನ ಮೇಲೇ ಹಾದು ಹೋಗಿರುತ್ತವೆ. ಅದಕ್ಕಿಂತ ಜಾಸ್ತಿ ಬೇಸರ ಫಾಂಟಿನದು. ನಾನು ನೋಟೋ ಸಾನ್ಸ್ ಕನ್ನಡ ಬಳಸುತ್ತೇನೆ. ಆ ಫಾಂಟ್ ಇಲ್ಲದ ಕಡೆ ಬೇರೆ ಫಾಂಟ್ ಬಂದು ಕೂರುತ್ತದೆ, ಅದು ಸ್ವಲ್ಪ ಅಗಲ ಆದರೂ ಸಾಕು, ಅಳೆದು ಕೂರಿಸಿದ ಪದವೆಲ್ಲ ಬಾಕ್ಸಿನ ಹೊರಗೆ. ಮಕ್ಕಳೆಲ್ಲ ಕೂತು ಕಾಯುತ್ತಿರುವಾಗ ಇದನ್ನು ನೋಡುವುದು ನಿಜವಾಗಿ ಸಂಕಟ.

ಕನ್ನಡಕ್ಕೆ ಫಾಂಟ್ ಹೊಂದಿಸುವುದೂ ಹೊಸಬರಿಗೆ ಸುಲಭ ಅಲ್ಲ. ಲಿಬ್ರೆಆಫೀಸ್ ಕನ್ನಡವನ್ನು ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಅನ್ನುವ ಗುಂಪಿನಲ್ಲಿ ಇಟ್ಟಿದೆ. ಇಂಗ್ಲಿಷಿಗೆ ಒಂದು ಫಾಂಟ್ ಮತ್ತು ಅಳತೆ, ಕನ್ನಡಕ್ಕೆ ಬೇರೆಯೇ ಫಾಂಟ್ ಮತ್ತು ಅಳತೆ. ಕ್ಯಾರೆಕ್ಟರ್ ವಿಂಡೋದಲ್ಲಿ ಎರಡೂ ಬೇರೆ ಬೇರೆ ಕಾಣಿಸುತ್ತವೆ. ಇದು ಗೊತ್ತಿಲ್ಲದೆ ಇಂಗ್ಲಿಷಿನ ಭಾಗವನ್ನಷ್ಟೇ ಬದಲಿಸಿದರೆ ಕನ್ನಡ ಅಕ್ಷರ ಇದ್ದ ಹಾಗೇ ಇರುತ್ತದೆ. ಟೂಲ್ಸ್ ಮೆನುವಿನ ಆಪ್ಶನ್ಸ್‌ಗೆ ಹೋಗಿ ಭಾಷೆಗಳ ಪುಟದಲ್ಲಿ ಕನ್ನಡವನ್ನು ಆರಿಸಿಟ್ಟುಕೊಳ್ಳಿ, ಆಮೇಲೆ ಸ್ಟೈಲಿನಲ್ಲೇ ಕನ್ನಡದ ಫಾಂಟನ್ನು ಹಾಕಿಬಿಡಿ. ಪ್ರತಿ ಬಾಕ್ಸಿಗೂ ಹಾಕುವ ಕೆಲಸ ತಪ್ಪುತ್ತದೆ.

ಪವರ್‌ಪಾಯಿಂಟ್ ಬಳಸಿ ಬಂದವರು ಮೊದಲು ಕೇಳುವುದು ಸ್ಮಾರ್ಟ್‌ಆರ್ಟ್ ಎಲ್ಲಿ ಅಂತ. 2007ರ ಮೈಕ್ರೋಸಾಫ್ಟ್ ಆಫೀಸಿನಿಂದ ಅದು ಅಲ್ಲಿದೆ, ಪಟ್ಟಿ ಬರೆದರೆ ಚಿತ್ರ ತಾನೇ ಸಿದ್ಧವಾಗುತ್ತದೆ, ಇನ್ನೊಂದು ಸಾಲು ಸೇರಿಸಿದರೆ ಬಾಕ್ಸುಗಳೆಲ್ಲ ತಾವೇ ಹೊಂದಿಕೊಳ್ಳುತ್ತವೆ. ಒಳ್ಳೆಯ ಸೌಲಭ್ಯ, ಅನುಮಾನವೇ ಇಲ್ಲ. ಇಂಪ್ರೆಸ್‌ನಲ್ಲಿ ಅಂಥದ್ದಿಲ್ಲ. ಅಲ್ಲಿ ಮಾಡಿದ ಸ್ಮಾರ್ಟ್‌ಆರ್ಟ್ ಇಲ್ಲಿ ತೆರೆದರೆ ಮಾಮೂಲಿ ಆಕಾರಗಳಾಗಿ ಬರುತ್ತದೆ, ತಾನೇ ಹೊಂದಿಕೊಳ್ಳುವ ಗುಣ ಬರುವುದಿಲ್ಲ. ಅಂಟುವ ಕನೆಕ್ಟರ್ ಪವರ್‌ಪಾಯಿಂಟ್‌ನಲ್ಲೂ ಇದೆ, ಗೂಗಲ್ ಸ್ಲೈಡ್ಸ್‌ನಲ್ಲೂ ಇದೆ. ಆದರೆ ನನ್ನ ಹಳೇ ಲ್ಯಾಪ್‌ಟಾಪಿಗೆ ಪ್ರತಿವರ್ಷ ದುಡ್ಡು ಕಟ್ಟುವ ತಂತ್ರಾಂಶ ಹಾಕಿಸಲು ನನಗೆ ಮನಸ್ಸಿಲ್ಲ, ನಮ್ಮ ಊರಿನ ನೆಟ್ ನಂಬಿ ಪಾಠಕ್ಕೆ ನಿಲ್ಲುವ ಧೈರ್ಯವೂ ಇಲ್ಲ. ಇಂಪ್ರೆಸ್ ಪುಕ್ಕಟೆ, ನೆಟ್ ಬೇಡ. 2010ರಲ್ಲಿ ಓಪನ್‌ಆಫೀಸ್‌ನಿಂದ ಬೇರೆಯಾಗಿ ಹೊರಬಂದ ಗುಂಪು ಈಗಲೂ ಹೊಸ ಆವೃತ್ತಿಗಳನ್ನು ಬಿಡುತ್ತಲೇ ಇದೆ. ನಮ್ಮ ಮಕ್ಕಳೂ ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಯಾರನ್ನೂ ಕೇಳದೆ ಹಾಕಿಕೊಳ್ಳಬಹುದು, ನನಗೆ ಇದು ದೊಡ್ಡ ವಿಷಯ.

ಬೇರೆ ಕಂಪ್ಯೂಟರಿನ ತೊಂದರೆಗೆ ಈಗ ದಾರಿ ಮಾಡಿಕೊಂಡಿದ್ದೇನೆ, ಆಮೇಲೆ ಬೇಸರವೂ ಕಡಿಮೆಯಾಗಿದೆ. ಅಲ್ಲೂ ಲಿಬ್ರೆಆಫೀಸ್ ಇದ್ದರೆ ಫೈಲ್ ಮೆನುವಿನ ಪ್ರಾಪರ್ಟೀಸ್‌ನಲ್ಲಿ ಫಾಂಟನ್ನು ಫೈಲಿನೊಳಗೇ ಸೇರಿಸುವ ಗುರುತು ಹಾಕಿ ಇಂಪ್ರೆಸ್‌ನದೇ ಆದ ಒಡಿಪಿ ಫೈಲಾಗಿ ಉಳಿಸುತ್ತೇನೆ. ಫೈಲು ದೊಡ್ಡದಾಗುತ್ತದೆ, ಆದರೆ ಅಕ್ಷರ ಕೆಡುವುದಿಲ್ಲ. ಇಲ್ಲದಿದ್ದರೆ ಪಿಡಿಎಫ್. ಪಿಡಿಎಫ್‌ನಲ್ಲಿ ಆನಿಮೇಷನ್ ಬರುವುದಿಲ್ಲ, ಒಂದೊಂದೇ ಬಾಣ ತೋರಿಸುತ್ತಾ ಹೋಗುವುದು ಹೇಗೆ? ಪೂರ್ತಿ ಚಿತ್ರ ಮಾಡಿಕೊಂಡು ಸ್ಲೈಡನ್ನು ಬೇಕಾದಷ್ಟು ಸಲ ಡೂಪ್ಲಿಕೇಟ್ ಮಾಡಿ, ಮೊದಲನೆಯದರಲ್ಲಿ ಎಲ್ಲ ಬಾಣ ಅಳಿಸಿ, ಎರಡನೆಯದರಲ್ಲಿ ಒಂದು ಉಳಿಸಿ, ಮೂರನೆಯದರಲ್ಲಿ ಎರಡು, ಹೀಗೆ. ಪುಟ ತಿರುಗಿಸಿದಂತೆ ಬಾಣಗಳು ಒಂದೊಂದಾಗಿ ಬರುತ್ತವೆ, ಬಾಕ್ಸು ಒಂದಿಷ್ಟೂ ಅಲ್ಲಾಡುವುದಿಲ್ಲ. ಚಿತ್ರ ಪೂರ್ತಿ ಮುಗಿಯುವ ತನಕ ಡೂಪ್ಲಿಕೇಟ್ ಮಾಡಬೇಡಿ, ಆಮೇಲೆ ಒಂದು ಬಾಕ್ಸ್ ಬದಲಿಸಬೇಕಾದರೂ ಎಲ್ಲ ಸ್ಲೈಡಿನಲ್ಲೂ ಬದಲಿಸಬೇಕಾಗುತ್ತದೆ.

ಆಫೀಸಿನಲ್ಲಿ ದಿನವೂ ಹತ್ತು ಜನರ ನಡುವೆ ಪಿಪಿಟಿಎಕ್ಸ್ ಓಡಾಡುವ ಕೆಲಸ ನಿಮ್ಮದಾಗಿದ್ದರೆ ಇದನ್ನು ತೆಗೆದುಕೊಳ್ಳಿ ಅಂತ ನಾನು ಹೇಳುವುದಿಲ್ಲ. ಚಿತ್ರ ಮಾಡುವವರೂ ನೀವೇ, ತೋರಿಸುವವರೂ ನೀವೇ ಆಗಿದ್ದರೆ ಇವತ್ತೇ ಹಾಕಿಕೊಳ್ಳಿ, ಎರಡು ಬಾಕ್ಸ್ ಒಂದು ಕನೆಕ್ಟರ್ ಹಾಕಿ ಒಂದು ಬಾಕ್ಸನ್ನು ಎಳೆದು ನೋಡಿ. ಐದರಲ್ಲಿ ನಾಲ್ಕು ಸ್ಟಾರ್. ಬಾಗಿದ ಬಾಣಗಳು ಪಿಪಿಟಿಎಕ್ಸ್‌ನಲ್ಲೂ ತಮ್ಮ ದಾರಿಯಲ್ಲೇ ಉಳಿಯುವ ದಿನ ಐದನೆಯದನ್ನೂ ಕೊಡುತ್ತೇನೆ.