ಕಾಯಿಪಲ್ಲೆಯ ಚೀಲ: ನಾಲ್ಕು ಬಗೆಯನ್ನು ಹೊತ್ತು ನೋಡಿದ ಮೇಲೆ

ಉಣಕಲ್ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ಚಾಲಕರು ಗಕ್ಕನೆ ಬ್ರೇಕ್ ಹಾಕಿದರು. ನನ್ನ ಕೈಯಲ್ಲಿ ಉಳಿದದ್ದು ಚೀಲದ ಹಿಡಿಕೆ ಮಾತ್ರ. ಮೂರು ಕಿಲೋ ಆಲೂಗಡ್ಡೆ, ಎರಡು ಕಿಲೋ ಉಳ್ಳಾಗಡ್ಡಿ, ಒಂದು ಸಣ್ಣ ಕುಂಬಳಕಾಯಿ ಎಲ್ಲವೂ ಬಸ್ಸಿನ ನೆಲದ ಮೇಲೆ ಮುಂದಕ್ಕೆ ಉರುಳಿದವು. ಸಹಪ್ರಯಾಣಿಕರು "ಅಕ್ಕಾರ, ಇಲ್ಲೊಂದು ಐತ್ರಿ" ಎನ್ನುತ್ತ ಆರಿಸಿಕೊಟ್ಟ ಉಳ್ಳಾಗಡ್ಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಧಾರವಾಡದಲ್ಲಿ ಇಳಿದೆ. ಆ ಚೀಲವನ್ನು ಒಂದು ತಾಸಿನ ಹಿಂದಷ್ಟೇ ಹುಬ್ಬಳ್ಳಿಯ ಪೇಟೆಯಲ್ಲಿ ಇಪ್ಪತ್ತು ರೂಪಾಯಿಗೆ ಕೊಂಡಿದ್ದೆ. ಮಾರಿದವರು "ಇದು ಬಟ್ಟೀದ್ರಿ, ಪ್ಲಾಸ್ಟಿಕ್ ಅಲ್ರಿ" ಎಂದು ಹೇಳಿಯೇ ಕೊಟ್ಟಿದ್ದರು.

ಇದು ನಡೆದು ಮೂರು ವರ್ಷಕ್ಕಿಂತ ಹೆಚ್ಚಾಯಿತು. ಆಮೇಲೆ ನಾನು ಬೇರೆ ಬೇರೆ ಚೀಲಗಳನ್ನು ತಿಂಗಳುಗಟ್ಟಲೆ ಹೊತ್ತು ನೋಡಿದ್ದೇನೆ. ಗೆದ್ದದ್ದು ಹಳೆಯ ಚಾದರದಿಂದ ಹೊಲಿಸಿದ ಚೀಲವೆಂದು ಮೊದಲೇ ಹೇಳಿಬಿಡುತ್ತೇನೆ. ಅದರ ಮೇಲೆ ನನಗೆ ಪಕ್ಷಪಾತವಿದೆ. ಆದರೆ ಅದು ನನಗೆ ಕೊಟ್ಟಷ್ಟು ಕಾಟವನ್ನು ಉಳಿದ ಯಾವ ಚೀಲವೂ ಕೊಟ್ಟಿಲ್ಲವಾದ್ದರಿಂದ ಅದನ್ನೂ ಬರೆಯಬೇಕಾಗುತ್ತದೆ.

ಮೊದಲು ಹರಿದ ಚೀಲದ ವಿಷಯ. ಮನೆಗೆ ಬಂದು ಅದನ್ನು ದೀಪದ ಬೆಳಕಿಗೆ ಹಿಡಿದು ನೋಡಿದಾಗ ಅದರಲ್ಲಿ ಹಾಸೂ ಇರಲಿಲ್ಲ, ಹೊಕ್ಕೂ ಇರಲಿಲ್ಲ. ಸಣ್ಣ ಎಳೆಗಳನ್ನು ಹೇಗೆಂದರೆ ಹಾಗೆ ಹರಡಿ, ಕಾಯಿಸಿ, ಸಾಲುಸಾಲು ಚುಕ್ಕೆಗಳಲ್ಲಿ ಒತ್ತಿ ಅಂಟಿಸಿದ ಹಾಳೆ ಅದು. ಅಂಚಿಗೆ ಕಡ್ಡಿ ಗೀರಿ ಹಿಡಿದರೆ ಬಟ್ಟೆಯಂತೆ ಬೂದಿಯಾಗದೆ ಕರಗಿ ಹನಿಯಿತು. ನಾನ್‌ವೋವನ್ ಎಂದು ಕರೆಯುವ ಈ ಸರಕು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್. ಕೇಂದ್ರ ಸರಕಾರದ 2021ರ ತಿದ್ದುಪಡಿ ನಿಯಮದ ಪ್ರಕಾರ ಇಂಥ ಚೀಲದ ಹಾಳೆ ಚದರ ಮೀಟರಿಗೆ 60 ಗ್ರಾಮಿಗಿಂತ ಕಡಿಮೆ ತೂಗಬಾರದು. ನನ್ನ ಚೀಲ 40 ಸೆಂಟಿಮೀಟರ್ ಉದ್ದ, 35 ಸೆಂಟಿಮೀಟರ್ ಅಗಲವಿತ್ತು. ಎರಡೂ ಬದಿ ಸೇರಿದರೆ ಹಾಳೆಯೇ ಸುಮಾರು 17 ಗ್ರಾಂ ತೂಗಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟಾಗ ಹರಿದ ಹಿಡಿಕೆಯನ್ನೂ ಸೇರಿಸಿ ತೂಗಿದ್ದು 11 ಗ್ರಾಂ. ಹಿಡಿಕೆಗೆ ಒಂದೇ ಒಂದು ಹೊಲಿಗೆ ಇರಲಿಲ್ಲ. ಅದನ್ನೂ ಕಾಯಿಸಿ ಅಂಟಿಸಿದ್ದರು. ಇದೇ ಜಾತಿಯ ಇನ್ನೊಂದು ಚೀಲ ಸ್ಕೂಟರಿನ ಕೊಕ್ಕೆಯಲ್ಲಿ ಒಂದು ಬೇಸಿಗೆಯಿಡೀ ನೇತಾಡಿ, ಬಿಸಿಲಿಗೆ ಜೀರ್ಣವಾಗಿ, ಮುಟ್ಟಿದರೆ ಪುಡಿಯಾಗಿ ಉದುರತೊಡಗಿತು. ಆ ಪುಡಿ ಬಿಡಿಬಿಡಿಯಾಗಿ ಅಂಗಳದ ಮಣ್ಣಿಗೆ ಸೇರುವುದನ್ನು ನೋಡಿದ ಮೇಲೆ ಈ ಬಗೆಯ ಚೀಲವನ್ನು ಮತ್ತೆ ಕೊಂಡಿಲ್ಲ.

ಸೆಣಬಿನ ಚೀಲಕ್ಕೆ ಇನ್ನೂರ ಇಪ್ಪತ್ತು ರೂಪಾಯಿ ಕೊಟ್ಟೆ. ನೋಡಲು ಚೆಂದ, ನಿಲ್ಲಿಸಿದರೆ ತಾನೇ ನಿಲ್ಲುತ್ತದೆ, ಹಿಡಿಕೆ ಗಟ್ಟಿ. ಪ್ಲಾಸ್ಟಿಕ್ ಬೇಡವೆಂದೇ ಅದನ್ನು ಕೊಂಡಿದ್ದೆ. ಆದರೆ ಒಳಮೈ ಮಿರಮಿರ ಮಿಂಚುತ್ತಿದ್ದುದನ್ನು ಅಂಗಡಿಯಲ್ಲಿ ಗಮನಿಸಲಿಲ್ಲ. ಮೊದಲ ಸಲ ತೊಳೆದಾಗಲೇ ಒಳಗಿನ ತೆಳ್ಳನೆಯ ಪ್ಲಾಸ್ಟಿಕ್ ಪದರು ಗುಳ್ಳೆಯೆದ್ದಿತು, ತಿಂಗಳೊಳಗೆ ಸಿಪ್ಪೆಯಂತೆ ಸುಲಿಯಿತು. ಪದರು ಹೋದ ಮೇಲೆ ಸೆಣಬು ನೇರವಾಗಿ ನೀರು ಕುಡಿಯತೊಡಗಿತು. ಹತ್ತಿಯ ನೂಲು ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುತ್ತದೆ, ಸೆಣಬಿನದು ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ. ಹೀಗಾಗಿ ಒದ್ದೆ ತೊಪ್ಪಲಪಲ್ಲೆ, ಅಂದರೆ ಸೊಪ್ಪು, ಹೊತ್ತ ಮೂಲೆಯೇ ಮೊದಲು ಸವೆಯಿತು. ಕಪ್ಪು ಸೀರೆ ಉಟ್ಟ ದಿನ ಅದರ ನಾರು ಮೈಗೆಲ್ಲ ಅಂಟುತ್ತದೆ. ಒಣ ಪದಾರ್ಥಕ್ಕೆ ಮಾತ್ರ ಅದಕ್ಕೆ ಸಾಟಿಯಿಲ್ಲ. ಐದು ಕಿಲೋ ಜೋಳ ತರುವಾಗ, ವರ್ಷದ ಖಾರಕ್ಕೆ ಬ್ಯಾಡಗಿ ಮೆಣಸಿನಕಾಯಿ ತರುವಾಗ ಈಗಲೂ ಅದನ್ನೇ ಒಯ್ಯುತ್ತೇನೆ.

ವೈರಿನ ಬುಟ್ಟಿ ಅತ್ತೆಯವರದು. ನಾನು ಈ ಮನೆಗೆ ಬರುವ ಮೊದಲಿನದು. ಅದೂ ಪ್ಲಾಸ್ಟಿಕ್ಕೇ ನಿಜ, ಆದರೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬಾಳಿದ ವಸ್ತುವನ್ನು ಒಮ್ಮೆ ಬಳಸಿ ಎಸೆಯುವ ಕ್ಯಾರಿಬ್ಯಾಗಿನ ಸಾಲಿಗೆ ಸೇರಿಸುವುದು ಅನ್ಯಾಯ. ಟೊಮೆಟೊ ಅದರಲ್ಲಿ ಜಜ್ಜುವುದಿಲ್ಲ, ನೀರು ಕೆಳಗೆ ಸೋರಿ ಹೋಗುತ್ತದೆ, ನಲ್ಲಿಯ ಕೆಳಗೆ ಹಿಡಿದರೆ ಎರಡು ನಿಮಿಷದಲ್ಲಿ ಸ್ವಚ್ಛವಾಗುತ್ತದೆ. ನನಗೆ ಒಗ್ಗದಿರಲು ಕಾರಣ ಒಂದೇ, ಅದು ಮಡಚುವುದಿಲ್ಲ. ನಾನು ಬೆಳಿಗ್ಗೆ ಧಾರವಾಡದಿಂದ ಹುಬ್ಬಳ್ಳಿಯ ಶಾಲೆಗೆ ಹೋಗಿ, ಸಂಜೆ ಜನತಾ ಬಜಾರಿನಲ್ಲಿ ಕಾಯಿಪಲ್ಲೆ ಕೊಂಡು ಮರಳುವವಳು. ಖಾಲಿ ಬುಟ್ಟಿಯನ್ನು ಹಿಡಿದು ಶಿಕ್ಷಕರ ಕೋಣೆಗೆ ಕಾಲಿಟ್ಟ ಮೊದಲ ದಿನವೇ ಅದು ಸಾಧ್ಯವಿಲ್ಲವೆಂದು ತಿಳಿಯಿತು. ಪೇಟೆಯ ಪಕ್ಕದಲ್ಲೇ ಮನೆಯಿದ್ದರೆ ಈ ಬರಹದ ತೀರ್ಪು ಬೇರೆಯಾಗುತ್ತಿತ್ತು.

ಕಾಗದದ ಚೀಲವನ್ನು ಎರಡು ಸಲಕ್ಕಿಂತ ಹೆಚ್ಚು ನೋಡಲಿಲ್ಲ. ಪರ್ಸಿನಲ್ಲಿ ಮಡಚಿಡುವ ನೈಲಾನಿನ ಚೀಲ ಹಗುರವಾಗಿದೆ, ಅಕಸ್ಮಾತ್ತಾಗಿ ಬೇಕಾದಾಗ ಇರಲೆಂದು ಒಂದನ್ನು ಇಟ್ಟುಕೊಂಡಿದ್ದೇನೆ.

ಇನ್ನು ಚಾದರದ ಚೀಲ. ನಡುಭಾಗ ಸವೆದು ತೆಳ್ಳಗಾಗಿದ್ದ ಹಳೆಯ ಹತ್ತಿಯ ಚಾದರವೊಂದನ್ನು ನಮ್ಮ ಓಣಿಯ ದರ್ಜಿಗೆ ಕೊಟ್ಟಾಗ, ಅವರು ಸವೆದದ್ದನ್ನು ಬಿಟ್ಟು ಅಂಚಿನ ಗಟ್ಟಿ ಭಾಗದಿಂದ ಎರಡೆಳೆ ಬಟ್ಟೆಯ ಎರಡು ಚೀಲಗಳನ್ನು ಹೊಲಿದು ಅರವತ್ತು ರೂಪಾಯಿ ತೆಗೆದುಕೊಂಡರು. ಬಸ್ಸಿನಲ್ಲಿ ನಡೆದ ಕಥೆಯನ್ನು ಹೇಳಿದ್ದರಿಂದಲೋ ಏನೋ, ಹಿಡಿಕೆಯನ್ನು ಅವರು ಚೀಲದ ಬಾಯಿಗೆ ಮಾತ್ರ ತಗಲಿಸಲಿಲ್ಲ. ಎರಡು ಇಂಚು ಅಗಲದ ಪಟ್ಟಿಯನ್ನು ಒಂದು ಬದಿಯಿಂದ ಕೆಳಗಿಳಿಸಿ, ತಳದಡಿ ಹಾಯಿಸಿ, ಇನ್ನೊಂದು ಬದಿಗೆ ಏರಿಸಿದರು. ಭಾರವೆಲ್ಲ ಆ ಪಟ್ಟಿಯ ಮೇಲೆ ಕೂರುತ್ತದೆಯೇ ಹೊರತು ಬಾಯಿಯ ಹೊಲಿಗೆಯ ಮೇಲಲ್ಲ. ಪಟ್ಟಿ ಬಾಯಿಯನ್ನು ದಾಟುವಲ್ಲಿ ಚೌಕ ಹೊಲಿಗೆ, ಅದರೊಳಗೆ ಮೂಲೆಯಿಂದ ಮೂಲೆಗೆ ಅಡ್ಡ ಹೊಲಿಗೆ. ಎಂಟು ಕಿಲೋ ಹೊತ್ತರೂ ಅಂಗೈಯಲ್ಲಿ ಗೆರೆ ಮೂಡುವುದಿಲ್ಲ. ಮಡಚಿದರೆ ಊಟದ ಡಬ್ಬಿಯ ಕೆಳಗೆ ಹಿಡಿಸುತ್ತದೆ.

ಕಾಟ ಶುರುವಾದದ್ದು ತೊಪ್ಪಲಪಲ್ಲೆಯಿಂದ. ಸಂಜೆಯ ಹೊತ್ತಿಗೆ ಕೊತ್ತಂಬರಿ, ಮೆಂತ್ಯೆ, ರಾಜಗಿರಿ ಬಾಡದಿರಲೆಂದು ಮಾರುವವರು ಮೇಲಿಂದ ಮೇಲೆ ನೀರು ಚಿಮುಕಿಸುತ್ತಾರೆ. "ಅಕ್ಕಾರ, ಪಿಶವಿ ಬಾಯಿ ಅಗಲ ಮಾಡ್ರಿ" ಎನ್ನುತ್ತ ಕಟ್ಟುಗಳನ್ನು ಒಳಗೆ ಹಾಕುವಾಗ ಆ ನೀರೂ ಚೀಲಕ್ಕೆ ಬರುತ್ತದೆ. ಪ್ಲಾಸ್ಟಿಕ್ ಆಗಿದ್ದರೆ ನೀರು ತಳದಲ್ಲಿ ನಿಲ್ಲುತ್ತಿತ್ತು; ಹತ್ತಿ ಅದನ್ನು ಹೀರಿ, ಮೈಯೆಲ್ಲ ಹರಡಿ, ಮುಟ್ಟಿದ್ದನ್ನೆಲ್ಲ ಒದ್ದೆ ಮಾಡುತ್ತದೆ. ಆಗಸ್ಟ್ ತಿಂಗಳ ಒಂದು ಸಂಜೆ ಸೀಟು ಸಿಕ್ಕಿತೆಂಬ ಖುಷಿಯಲ್ಲಿ ಚೀಲವನ್ನು ತೊಡೆಯ ಮೇಲಿನ ಉತ್ತರಪತ್ರಿಕೆಗಳ ಕಟ್ಟಿನ ಮೇಲಿಟ್ಟುಕೊಂಡೆ. ನವನಗರ ಬರುವುದರೊಳಗೆ ಎಂಟನೆಯ ತರಗತಿಯ ಹನ್ನೆರಡು ಮಕ್ಕಳ ಸಮಾಜ ವಿಜ್ಞಾನದ ಉತ್ತರಗಳು ನೀಲಿ ನೀರಾಗಿದ್ದವು. ಅವರಿಗೆಲ್ಲ ಮರುದಿನ ಬಾಯಿಮಾತಿನಲ್ಲೇ ಪರೀಕ್ಷೆ ಮಾಡಿದೆ.

ಅದಕ್ಕಿಂತ ಕೆಟ್ಟದ್ದು ಮನೆಯಲ್ಲಿ ಕಾದಿತ್ತು. ಕೊತ್ತಂಬರಿಯ ನಾಲ್ಕು ಕಡ್ಡಿ ಚೀಲದ ಮೂಲೆಯಲ್ಲಿ ಉಳಿದದ್ದು ಗೊತ್ತಾಗದೆ ಮಡಚಿಟ್ಟಿದ್ದೆ; ಎರಡು ದಿನದ ಮೇಲೆ ಬಿಚ್ಚಿದಾಗ ಕಪ್ಪು ಲೋಳೆ, ಮೂರು ಸಲ ಒಗೆದರೂ ಹೋಗದ ವಾಸನೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಎರಡೆಳೆಯ ದಪ್ಪ ಬಟ್ಟೆ ಒಣಗಲು ಎರಡು ದಿನ ಬೇಕು. ಒಣಗುವ ಮೊದಲೇ ಬೂಸು ಹತ್ತಿ, ಬಟ್ಟೆಯ ಮೇಲೆ ಕರಿಯ ಚುಕ್ಕೆಗಳು ಎದ್ದವು. ಚೀಲ ಹಗ್ಗದ ಮೇಲಿದ್ದ ದಿನವೇ ನಾನು ಪೇಟೆಗೆ ಬರಿಗೈಯಲ್ಲಿ ಹೋಗುವುದು, ಮತ್ತೆ ಪ್ಲಾಸ್ಟಿಕ್ ಹಿಡಿದು ಬರುವುದು ನಡೆಯಿತು. ರಾಜ್ಯದಲ್ಲಿ 2016ರ ಮಾರ್ಚಿನಿಂದಲೇ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದ್ದರೂ ಬರಿಗೈ ಕಂಡರೆ ಅದು ಎಲ್ಲಿಂದಲೋ ಹೊರಬರುತ್ತದೆ.

ಉಪಾಯಗಳನ್ನು ಒಂದೊಂದಾಗಿ ಮಾಡಿ ನೋಡಿದೆ. ತಳಕ್ಕೆ ಹಳೆಯ ಪತ್ರಿಕೆ ಹಾಸಿದರೆ ಅದು ನೆನೆದು ಮುದ್ದೆಯಾಗಿ ಟೊಮೆಟೊಕ್ಕೆ ಅಂಟಿತು. ಸ್ಟೀಲ್ ಡಬ್ಬಿಯೊಳಗೆ ಕೊತ್ತಂಬರಿಯ ಕಟ್ಟು ಹಿಡಿಸಲಿಲ್ಲ. ಒಳಗೊಂದು ಪ್ಲಾಸ್ಟಿಕ್ ಚೀಲ ಇಟ್ಟುಕೊಳ್ಳಬಹುದಿತ್ತು, ಆದರೆ ಅಷ್ಟಕ್ಕೆ ಇಷ್ಟೆಲ್ಲ ಯಾಕೆ? ಕೊನೆಗೆ ದಾರಿ ತೋರಿಸಿದವರು ಅತ್ತೆಯವರು. ಮಾವನವರ ಹಳೆಯ ಧೋತರವನ್ನು ಒಂದು ಮೊಳದ ತುಂಡುಗಳಾಗಿ ಹರಿದು, "ತೊಪ್ಪಲಾ ಝಾಡಿಸಿ ಇದರಾಗ ಸುತ್ತಿ ಗಂಟು ಹಾಕು" ಎಂದರು. ಕಟ್ಟನ್ನು ಬೇರು ಮೇಲಾಗಿ ಹಿಡಿದು ಎರಡು ಸಲ ಝಾಡಿಸಿದರೆ ಅರ್ಧ ನೀರು ಅಲ್ಲೇ ಬೀಳುತ್ತದೆ. ಉಳಿದದ್ದನ್ನು ಧೋತರದ ತುಂಡು ಹಿಡಿದುಕೊಳ್ಳುತ್ತದೆ, ಹೊರಗಿನ ದಪ್ಪ ಚೀಲಕ್ಕೆ ತಲುಪುವುದು ಬರೀ ಪಸೆ. ಒದ್ದೆ ಬಟ್ಟೆಯ ನೀರು ಆರುತ್ತ ಒಳಗೆ ತಂಪಾಗುವುದರಿಂದ, ಒಂದು ತಾಸಿನ ಬಸ್ ಪ್ರಯಾಣ ಮುಗಿಸಿ ಬಂದರೂ ಮೆಂತ್ಯೆಯ ಎಲೆ ಬಾಡಿರುವುದಿಲ್ಲ. ತೆಳುವಾದ ತುಂಡನ್ನು ಹಿಂಡಿ ಫ್ಯಾನಿನ ಕೆಳಗೆ ಹಾಕಿದರೆ ರಾತ್ರಿ ಊಟದ ಹೊತ್ತಿಗೆ ಒಣಗುತ್ತದೆ. ಚೀಲವನ್ನು ಒಳಮಗ್ಗಲು ಹೊರಗೆ ಮಾಡಿ ಝಾಡಿಸದೆ ಮಡಚಬಾರದೆಂಬ ನಿಯಮವನ್ನೂ ಆಗಲೇ ಮಾಡಿಕೊಂಡೆ.

ಹತ್ತಿ ಬೆಳೆಯಲು, ನೂಲಲು, ನೇಯಲು ಆಗುವ ಖರ್ಚನ್ನು ಲೆಕ್ಕಕ್ಕೆ ಹಿಡಿದರೆ ಬಟ್ಟೆಯ ಚೀಲ ಪುಕ್ಕಟೆಯ ಪುಣ್ಯವಲ್ಲ. ಬ್ರಿಟನ್ನಿನ ಪರಿಸರ ಇಲಾಖೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಾಪಮಾನ ಏರಿಕೆಯ ದೃಷ್ಟಿಯಿಂದ ಹೊಸ ಹತ್ತಿಯ ಚೀಲವೊಂದು ಒಮ್ಮೆ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಮೇಲೆನಿಸಬೇಕಾದರೆ ಅದನ್ನು 131 ಸಲ ಬಳಸಬೇಕು. ಆ ಪ್ಲಾಸ್ಟಿಕ್ಕನ್ನು ಮತ್ತೆ ಕಸದ ಬುಟ್ಟಿಗೆ ಹಾಕಿ ಬಳಸುವವರಿಗೆ ಈ ಸಂಖ್ಯೆ 327ಕ್ಕೆ ಏರುತ್ತದೆ. ವಾರಕ್ಕೆ ಎರಡು ಸಲ ಪೇಟೆಗೆ ಹೋಗುವ ನನಗೆ 131 ಎಂದರೆ ಸುಮಾರು ಒಂದೂಕಾಲು ವರ್ಷ. ಚಾದರದ ಮೊದಲ ಚೀಲ ಅದನ್ನು ಎಂದೋ ದಾಟಿದೆ, ಅಲ್ಲದೆ ಅದರ ಹತ್ತಿ ಹದಿನೈದು ವರ್ಷ ಹಾಸಿಗೆಯ ಮೇಲೆ ದುಡಿದೇ ಬಂದದ್ದು. ಆದರೆ ಮದುವೆ, ಗೃಹಪ್ರವೇಶಗಳಲ್ಲಿ ತಾಂಬೂಲದ ಜೊತೆ ಕೊಟ್ಟ ಹೊಚ್ಚ ಹೊಸ ಹತ್ತಿಯ ಚೀಲಗಳು ನಮ್ಮ ಕಪಾಟಿನಲ್ಲಿ ಹದಿನಾಲ್ಕಿವೆ. ವಧೂವರರ ಹೆಸರು ಅಚ್ಚಾಗಿರುವ ಆ ಚೀಲಗಳಲ್ಲಿ ಎರಡು ತೆಂಗಿನಕಾಯಿಗಿಂತ ಹೆಚ್ಚು ಹಿಡಿಸುವುದಿಲ್ಲ.

ದುಡ್ಡಿನ ಮಾತು ಹೇಳುವುದಾದರೆ, ಇಪ್ಪತ್ತು ರೂಪಾಯಿಯ ಚೀಲ ಒಂದು ತಾಸು ಬಾಳಿತು, ಇನ್ನೂರ ಇಪ್ಪತ್ತರದು ಒಣ ಕೆಲಸಕ್ಕೆ ಉಳಿಯಿತು, ಮೂವತ್ತರದು ವಾರಕ್ಕೆ ಎರಡು ದಿನ ನನ್ನ ಜೊತೆ ಓಡಾಡುತ್ತಿದೆ. ಸ್ಕೂಟರಿನಲ್ಲೋ ಕಾರಿನಲ್ಲೋ ಸಂತೆಗೆ ಹೋಗುವವರು, ಅದರಲ್ಲೂ ಬಟ್ಟೆ ಒಗೆದು ಒಣಗಿಸುವ ತಾಪತ್ರಯ ಬೇಡವೆನ್ನುವವರು, ಮನೆಯಲ್ಲಿ ವೈರಿನ ಬುಟ್ಟಿಯಿದ್ದರೆ ಅದನ್ನೇ ಅಟ್ಟದಿಂದ ಇಳಿಸಲಿ. ಬಸ್ಸಿನಲ್ಲಿ ನಿಂತು ಬರುವವರಿಗೆ ಮಾತ್ರ ನಾನು ಚಾದರದ ಎರಡು ಚೀಲ, ಧೋತರದ ನಾಲ್ಕು ತುಂಡು ಎಂದೇ ಹೇಳುತ್ತೇನೆ. ಒಂದು ಒಣಗುವಾಗ ಇನ್ನೊಂದು ಕೈಗೆ ಸಿಗಬೇಕು.

ಮೊದಲ ಚೀಲದ ತಳದ ಒಂದು ಮೂಲೆ ಈಗ ಸವೆದಿದೆ. ಕಳೆದ ರವಿವಾರ ಅದನ್ನು ತೇಪೆಗೆಂದು ದರ್ಜಿಗೆ ಕೊಟ್ಟು, ಜೊತೆಗೆ ಇನ್ನೊಂದು ಚಾದರವನ್ನೂ ಇಟ್ಟು ಬಂದಿದ್ದೇನೆ. ಬಾಯಿಯನ್ನು ಈ ಸಲ ಎರಡು ಇಂಚು ಅಗಲ ಮಾಡಲು ಹೇಳಿದ್ದೇನೆ. ತೊಪ್ಪಲು ಹಾಕುವವರು ಪ್ರತಿ ಸಲವೂ ಅದನ್ನೇ ಕೇಳುತ್ತಾರೆ.