ಎಂಜಿನ್ ಲೈಟಿಗೆ ಬ್ಲೂಟೂತ್ ಸ್ಕ್ಯಾನರ್: ಕೋಡ್ ಓದೋಕಲ್ಲ, ಲೈವ್ ಡೇಟಾ ನೋಡೋಕೆ ತಗೊಳಿ

ಆನ್‌ಲೈನಲ್ಲಿ ಸಾವಿರ ರೂಪಾಯಿ ಒಳಗೇ ಸಿಗುತ್ತಲ್ಲ, ಈಎಲ್‌ಎಂ 327 ಅಂತ ಬರ್ದಿರೋ ಬ್ಲೂಟೂತ್ ಒಬಿಡಿ ಸ್ಕ್ಯಾನರ್ (ಗಾಡಿ ಕಂಪ್ಯೂಟರ್ ಹೇಳೋ ತಪ್ಪಿನ ಕೋಡ್‌ಗಳನ್ನ ಫೋನಲ್ಲಿ ತೋರ್ಸೋ ಡಬ್ಬಿ), ಅದರ ರಿವ್ಯೂ ಇದು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದಪ್ಪ ಇದೆ ಅಷ್ಟೆ. ಬಾಕ್ಸ್ ಮೇಲೆ ಕಂಪನಿ ಹೆಸರೇ ಇಲ್ಲ, ಜೊತೇಲಿ ಒಂದು ಚೀಟಿ ಕೊಟ್ಟಿದಾರೆ, ಅದನ್ನ ಓದೋಕೆ ಭೂತಗನ್ನಡಿ ಬೇಕು. ಆದ್ರೂ ನಾಲ್ಕು ಸ್ಟಾರ್ ಕೊಡ್ತಿದೀನಿ.

ತಗೊಂಡಿದ್ದು ಯಾಕೆ ಅಂದ್ರೆ, ನಮ್ ಪೆಟ್ರೋಲ್ ಗಾಡೀಲಿ ರೇಡಿಯೇಟರ್ ಲೀಕ್ ಆಗ್ತಿತ್ತು, ವಾಟರ್ ಪಂಪೂ ಹೋಗಿತ್ತು, ಏರಿಯಾದಲ್ಲೇ ಇರೋ ಒಂದು ಗ್ಯಾರೇಜಲ್ಲಿ ಎರಡೂ ಚೇಂಜ್ ಮಾಡ್ಸಿ ಹೋಸು ಕೂಲೆಂಟು ಎಲ್ಲ ಹೊಸದು ಹಾಕ್ಸಿ ದುಡ್ಡು ಕೊಟ್ಟು ಬಂದ್ವಿ. ಲೀಕ್ ನಿಂತೋಯ್ತು, ಅದ್ರಲ್ಲಿ ಮಾತಿಲ್ಲ. ಆದ್ರೆ ಸ್ವಲ್ಪ ಓಡಿಸ್ತಿದ್ದಂಗೆ ಡ್ಯಾಶ್‌ಬೋರ್ಡಲ್ಲಿ ಹಳದಿ ಎಂಜಿನ್ ಲೈಟ್ ಬಂದು ಕೂತ್ಕೊಳ್ತು. ಫೋನ್ ಮಾಡಿದ್ರೆ "ಸಾರ್ ಅದಕ್ಕೂ ನಾವ್ ಮಾಡಿದ್ ಕೆಲಸಕ್ಕೂ ಸಂಬಂಧ ಇಲ್ಲ, ಆಕ್ಸಿಜನ್ ಸೆನ್ಸರ್ ಹೋಗಿರುತ್ತೆ, ಬನ್ನಿ ಹಾಕ್ಕೊಡಣ" ಅಂದ್ರು. ಗಾಡೀನೇ ನೋಡ್ದೆ ಸೆನ್ಸರ್ ಹೇಳ್ಬಿಟ್ರಲ್ಲ ಅಂತ ಅನ್ನಿಸ್ತು. ರಿಪೇರಿ ಆದ್ಮೇಲೆ ತಕ್ಷಣ ಬರ್ದೆ ಆಮೇಲೆ ಬಂದ್ರೆ ಸಂಬಂಧ ಇಲ್ಲ ಅಂತಲ್ಲ, ತುಂಬಾ ಕೋಡ್‌ಗಳು ಒಂದೇ ತಪ್ಪು ಎರಡು ಸಲ ಓಡಿಸಿದಾಗ್ಲೂ ಕಂಡ್ರೇನೇ ಲೈಟ್ ಹತ್ತಿಸೋದು.

ಹಾಕೋದು ಸುಲಭ. ಸ್ಟೀರಿಂಗ್ ಕೆಳಗಡೆ 16 ಪಿನ್ನಿನ ಸಾಕೆಟ್ ಇರುತ್ತೆ, ನಮ್ಮಲ್ಲಿ 2013ರಿಂದ ಬಿಎಸ್ 4 (ಹೊಗೆ ನಿಯಮ) ಗಾಡಿಗಳಿಗೆ ಒಬಿಡಿ 2 ಬಂದಿದೆ, ಅದಕ್ಕೆ ಚುಚ್ಚಿ ಇಗ್ನಿಷನ್ ಆನ್ ಮಾಡಿ ಫೋನಲ್ಲಿ ಪೇರ್ ಮಾಡಿದ್ರೆ ಆಯ್ತು, ಪಾಸ್‌ವರ್ಡ್ 1234. ಆ್ಯಪ್ ಫ್ರೀದೇ ಸಾಕು.

ಬಂದ ಕೋಡು ಪಿ0128. ಅಂದ್ರೆ ಕೂಲೆಂಟ್ ಎಷ್ಟು ಬಿಸಿ ಆಗ್ಬೇಕಿತ್ತೋ ಅಷ್ಟು ಆಗ್ತಿಲ್ಲ ಅಂತ. ಇಲ್ಲಿಗೇ ನಿಲ್ಸಿ ಪಾರ್ಟ್ ತರೋಕೆ ಓಡ್ಬೇಡಿ. ಇದೇ ಕೋಡ್ ಥರ್ಮೋಸ್ಟಾಟ್ (ಎಂಜಿನ್ ಬಿಸಿ ಆಗೋವರೆಗೂ ಕೂಲೆಂಟನ್ನ ರೇಡಿಯೇಟರ್‌ಗೆ ಬಿಡದೆ ತಡೆಯೋ ವಾಲ್ವ್) ಕೆಟ್ರೂ ಬರುತ್ತೆ, ಟೆಂಪರೇಚರ್ ಸೆನ್ಸರ್ ಸುಳ್ಳು ಹೇಳಿದ್ರೂ ಬರುತ್ತೆ, ಕೂಲೆಂಟ್ ಕಮ್ಮಿ ಇದ್ರೂ ಬರಬಹುದು. ಈ ಡಬ್ಬಿಗೆ ಕೊಟ್ಟ ದುಡ್ಡು ವಸೂಲಾಗಿದ್ದು ಲೈವ್ ಡೇಟಾದಲ್ಲಿ, ಅಂದ್ರೆ ಸೆನ್ಸರ್‌ಗಳು ಆ ಕ್ಷಣಕ್ಕೆ ಹೇಳ್ತಿರೋ ಅಂಕಿ ನೋಡೋದ್ರಲ್ಲಿ. ಬೆಳಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡ್ದೆ ಬರೀ ಇಗ್ನಿಷನ್ ಆನ್ ಮಾಡಿ ಕೂಲೆಂಟ್ ಟೆಂಪರೇಚರು, ಇನ್‌ಟೇಕ್ ಏರ್ (ಎಂಜಿನ್ ಒಳಗೆ ಹೋಗೋ ಗಾಳಿ) ಟೆಂಪರೇಚರು ಎರಡೂ ನೋಡ್ಬೇಕು, ರಾತ್ರಿಯೆಲ್ಲ ನಿಂತಿದ್ದ ಗಾಡೀಲಿ ಎರಡೂ ಹೆಚ್ಚುಕಮ್ಮಿ ಒಂದೇ ಇರ್ಬೇಕು. ನಮ್ದು ಇತ್ತು. ಸೆನ್ಸರ್ ಕನೆಕ್ಟರ್ ಹಾಕೋದು ಮರ್ತಿದ್ರೆ ಮೈನಸ್ 40 ಡಿಗ್ರಿ ತೋರ್ಸುತ್ತೆ, ಕೋಡೂ ಪಿ0118 ಅಂತ ಬರುತ್ತೆ, ಎಷ್ಟೋ ಗಾಡಿಗಳಲ್ಲಿ ಫ್ಯಾನ್ ಬೇರೆ ನಿಲ್ದೆ ಓಡ್ತಾ ಇರುತ್ತೆ. ಅದ್ಯಾವ್ದೂ ಇರ್ಲಿಲ್ಲ. ಎಂಜಿನ್ ತಣ್ಣಗಿದ್ದಾಗ್ಲೇ ಕ್ಯಾಪ್ ತೆಗ್ದು ನೋಡಿದ್ರೆ ಕೂಲೆಂಟೂ ತುಂಬಿತ್ತು. ಬಿಸಿ ಇದ್ದಾಗ ಕ್ಯಾಪ್ ಮುಟ್ಟೋಕೂ ಹೋಗ್ಬೇಡಿ, ಮುಖ ಬೆಂದೋಗುತ್ತೆ.

ಆಮೇಲೆ ಓಡಿಸ್ತಾ ನೋಡಿದ್ವಿ, ಗಾಡಿ ನಾನು ಓಡಿಸ್ದೆ, ಫೋನ್ ಪಕ್ಕದಲ್ಲಿ ತಮ್ಮ ಹಿಡ್ಕೊಂಡಿದ್ದ. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ನಿಂತಾಗ ಕೂಲೆಂಟ್ ನಿಧಾನಕ್ಕೆ 90 ಡಿಗ್ರಿ ಹತ್ರ ಹೋಯ್ತು, ಎಲ್ಲ ಸರಿ ಇದೆ ಅನ್ನೋ ಹಂಗೆ. ನೈಸ್ ರೋಡ್ ಹತ್ತಿ ಗಾಳಿ ಬಡಿಯೋಕೆ ಶುರುವಾದ ತಕ್ಷಣ ಸರ್ರಂತ ಇಳ್ದು 70ಕ್ಕಿಂತ ಕೆಳಗೆ ಬಂತು. ಥರ್ಮೋಸ್ಟಾಟ್ ನೆಟ್ಟಗಿದ್ರೆ ಹಿಂಗೆ ಇಳಿಯೋಕೆ ಬಿಡಲ್ಲ, ವಾಲ್ವ್ ಮುಚ್ಕೊಂಡು ಬಿಸಿ ಹಿಡ್ಕೊಳುತ್ತೆ. ಹಂಗಾಗಿ ಒಂದೋ ಅದು ತೆರ್ಕೊಂಡೇ ಸಿಕ್ಕಾಕ್ಕೊಂಡಿದೆ, ಇಲ್ಲಾ ಅಲ್ಲಿ ಅದು ಇಲ್ವೇ ಇಲ್ಲ. ಈಗಿನ ಎಷ್ಟೋ ಸಣ್ಣ ಗಾಡೀಲಿ ಟೆಂಪರೇಚರ್ ಮುಳ್ಳೇ ಇರಲ್ಲ, ಬರೀ ನೀಲಿ ಕೆಂಪು ಲೈಟು, ಸ್ಕ್ಯಾನರ್ ಇಲ್ದೆ ಇದು ಗೊತ್ತಾಗೋದೇ ಇಲ್ಲ.

ಸ್ಕ್ರೀನ್‌ಶಾಟ್ ತಗೊಂಡು ಹೋಗಿ ತೋರಿಸಿದ್ದಕ್ಕೆ ಮೆಕ್ಯಾನಿಕ್ ಹೇಳ್ತಾರೆ, "ಹಳೇದು ಜಾಮ್ ಆಗಿತ್ತು ಸಾರ್, ತೆಗ್ದಾಕ್ಬಿಟ್ಟೆ, ನಮ್ ಊರಿಗೆ ಥರ್ಮೋಸ್ಟಾಟ್ ಬೇಕಾಗಲ್ಲ, ಗಾಡಿ ಕೂಲಾಗಿರುತ್ತೆ." ಈ ಮಾತನ್ನ ಬೆಂಗಳೂರಲ್ಲಿ ಬೇರೆ ಕಡೆನೂ ಕೇಳಿದೀನಿ, ಇಲ್ಲಿ ಡಿಸೆಂಬರ್ ಬೆಳಗ್ಗೆ ಸ್ವೆಟರ್ ಹಾಕ್ಕೊಂಡು ವಾಕಿಂಗ್ ಹೋಗೋ ಜನ ನಾವು! ಊರು ಎಷ್ಟೇ ಬಿಸಿ ಇರ್ಲಿ, ಎಂಜಿನ್ನಿಗೆ ಅದರದ್ದೇ ಬಿಸಿ ಬೇಕು. ತಣ್ಣಗಿದ್ರೆ ಇಸಿಯು (ಎಂಜಿನ್ ಕಂಪ್ಯೂಟರ್) ಪೆಟ್ರೋಲ್ ಜಾಸ್ತಿ ಸುರೀತಾ ಇರುತ್ತೆ, ಮೈಲೇಜ್ ಬೀಳುತ್ತೆ, ಆಯಿಲಲ್ಲಿ ಸೇರೋ ನೀರಿನಂಶ ಆರಲ್ಲ.

ಜೆ.ಸಿ. ರೋಡಲ್ಲಿ ಹೊಸದು ತಂದ್ವಿ. ತರುವಾಗ ಅದ್ರ ಮೇಲೆ ಒತ್ತಿರೋ ಡಿಗ್ರಿ ನೋಡಿ, 82, 88 ಅಂತೆಲ್ಲ ಬರುತ್ತೆ, ನಿಮ್ ಗಾಡಿದು ಯಾವ್ದೋ ಅದೇ ತಗೊಳಿ, ರಬ್ಬರ್ ರಿಂಗೂ ಜೊತೇಲಿ ತಗೊಳಿ. ಅದೇ ಮೆಕ್ಯಾನಿಕ್ಕೇ ಹಾಕಿದ್ರು, ಲೇಬರ್ ಕೇಳ್ಲಿಲ್ಲ, ಕೇಳೋ ಮುಖನೂ ಇರ್ಲಿಲ್ಲ. ಈಗ ನೈಸ್ ರೋಡಲ್ಲೂ 80ರ ಮೇಲೇ ನಿಲ್ಲುತ್ತೆ. ಇಷ್ಟು ನೋಡಿದ್ಮೇಲೇನೇ ಆ್ಯಪಲ್ಲಿ ಕೋಡ್ ಅಳಿಸಿದ್ದು, ಲೈಟ್ ಮತ್ತೆ ಬಂದಿಲ್ಲ. ಮೊದ್ಲೇ ಅಳಿಸಿದ್ರೆ ಸಾಕ್ಷಿನೂ ಹೋಗುತ್ತೆ, ಲೈಟೂ ವಾಪಸ್ ಬರುತ್ತೆ.

ಒಂದು ಸ್ಟಾರ್ ಕಟ್ ಮಾಡಿದ್ದು ಬ್ಲೂಟೂತ್ ಮಧ್ಯೆ ಮಧ್ಯೆ ಬಿಟ್ಟೋಗುತ್ತೆ ಅಂತ. ಒಳಗಿರೋದು ಒರಿಜಿನಲ್ ಈಎಲ್‌ಎಂ 327 ಚಿಪ್ ಅಲ್ಲ, ನಕಲು. ವರ್ಷನ್ 1.5 ಅಂತ ದೊಡ್ಡದಾಗಿ ಹಾಕಿದಾರೆ, ಆ ಚಿಪ್ ಮಾಡ್ತಿದ್ದ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್‌ನವರು 1.5 ಅಂತ ಬಿಟ್ಟೇ ಇರ್ಲಿಲ್ಲ. ಏರ್‌ಬ್ಯಾಗ್, ಎಬಿಎಸ್ ಕೋಡು ನಮ್ ಗಾಡೀಲಿ ಓದ್ಲಿಲ್ಲ. ಕೆಲಸ ಆದ್ಮೇಲೆ ಕಿತ್ತಿಡಿ, ಆ ಸಾಕೆಟ್ಟಿಗೆ ಗಾಡಿ ಆಫ್ ಇದ್ರೂ ಕರೆಂಟ್ ಬರ್ತಾನೇ ಇರುತ್ತೆ, ಊರಿಗೆ ಹೋಗಿ ಬರೋಷ್ಟ್ರಲ್ಲಿ ಬ್ಯಾಟರಿ ಮಲಗಿರಬಹುದು. ಐಫೋನ್ ಇರೋರು ಈ ಮಾಡೆಲ್ ತಗೊಳ್ಬೇಡಿ, ಕನೆಕ್ಟ್ ಆಗಲ್ಲ, ವೈಫೈ ಇರೋದು ಅಥವಾ ಬ್ಲೂಟೂತ್ ಎಲ್‌ಇ ಅಂತ ಬರ್ದಿರೋದು ನೋಡಿ ತಗೊಳಿ.